ಹಿಂದೆ ಕೂರುವವರಿಗೂ ಹಿತವಾಗುವ ವಿಂಡ್‌ಶೀಲ್ಡ್: ಮಲೆನಾಡಿನ ಬೈಕ್ ಸವಾರರಿಗೆ ಆಯ್ಕೆಯ ಮಾರ್ಗದರ್ಶಿ

ಮುಂಗಾರು ಹತ್ತಿರವಾಗುತ್ತಿದ್ದಂತೆ ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಓದುಗರು ಪ್ರತಿವರ್ಷವೂ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ. ಬೈಕಿಗೆ ಯಾವ ವಿಂಡ್‌ಶೀಲ್ಡ್ ಹಾಕಿಸಿದರೆ ಹಿಂದೆ ಕೂರುವವರಿಗೆ ಗಾಳಿ, ಮಳೆಯ ಹೊಡೆತ ಕಡಿಮೆಯಾಗುತ್ತದೆ, ಮತ್ತು ಹಾಕಿಸಿದ್ದು ಎರಡು ಮಳೆಗಾಲ ಕಳೆಯುವುದರೊಳಗೆ ಬಿರುಕು ಬಿಡದೆ ಉಳಿಯುತ್ತದೆಯೇ ಎಂಬುದು ಆ ಪ್ರಶ್ನೆ. ಬಸ್ಸು ಮುಖ್ಯರಸ್ತೆಯಲ್ಲೇ ಇಳಿಸಿ ಹೋಗುವ, ಮನೆ ಒಳಗೆ ನಾಲ್ಕೈದು ಕಿಲೋಮೀಟರ್ ದೂರವಿರುವ ಊರುಗಳಲ್ಲಿ ಹೆಂಡತಿ, ತಾಯಿ, ಮಕ್ಕಳು ಎಲ್ಲರೂ ಬೈಕಿನ ಹಿಂದಿನ ಸೀಟಿನಲ್ಲೇ ಓಡಾಡುವುದರಿಂದ ಪ್ರಶ್ನೆ ಸಹಜವಾದದ್ದು.

ಉತ್ತರಕ್ಕೆ ಮೊದಲು ಒಂದು ಮಾತು. ಅಂಗಡಿಯ ಮುಂದೆ ಸವಾರನೊಬ್ಬನೇ ಸೀಟಿನ ಮೇಲೆ ಕುಳಿತು ಆರಿಸಿದ ವಿಂಡ್‌ಶೀಲ್ಡ್, ಅವನ ಎದೆಗೆ ಹಿತವೆನಿಸಿದರೂ, ಹಿಂದೆ ಕೂತವರಿಗೆ ಮೊದಲಿಗಿಂತ ಹೆಚ್ಚು ಕಾಟ ಕೊಡುವ ಸಾಧ್ಯತೆಯುಂಟು. ಆದ್ದರಿಂದ ಇಲ್ಲಿ ಹೇಳಿರುವ ಎಲ್ಲ ಅಳತೆಗಳನ್ನೂ ಇಬ್ಬರೂ ಕುಳಿತೇ ತೆಗೆದುಕೊಳ್ಳಬೇಕು. ಈ ಒಂದು ನಿಯಮವನ್ನು ಬಿಟ್ಟರೆ ಉಳಿದ ಎಚ್ಚರಿಕೆಗಳಿಂದ ಹೆಚ್ಚಿನ ಪ್ರಯೋಜನವಾಗದು.

ಗಾಳಿ ಹೇಗೆ ಹೊಡೆಯುತ್ತದೆ

ಗಾಳಿಯ ತಳ್ಳುವಿಕೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಇದ್ದ ಒತ್ತಡ 80 ಕಿ.ಮೀ. ವೇಗದಲ್ಲಿ ಇಮ್ಮಡಿಯಾಗದೆ ನಾಲ್ಮಡಿಯಾಗುತ್ತದೆ. ವಿಂಡ್‌ಶೀಲ್ಡ್ ಇಲ್ಲದ ಬೈಕಿನಲ್ಲಿ ಈ ಒತ್ತಡವನ್ನು ಸವಾರನ ಎದೆಯೇ ತಡೆಯುತ್ತದೆ. ಹಿಂದಿನವರ ಮೈ ಅವನ ಮರೆಯಲ್ಲಿರುತ್ತದೆ, ಆದರೆ ಹಿಂದಿನ ಸೀಟು ಸ್ವಲ್ಪ ಎತ್ತರದಲ್ಲಿರುವುದರಿಂದ ತಲೆ ಮಾತ್ರ ಗಾಳಿಗೆ ಒಡ್ಡಿಕೊಂಡಿರುತ್ತದೆ.

ವಿಂಡ್‌ಶೀಲ್ಡ್ ಹಾಕಿದಾಗ ಗಾಳಿ ಅದರ ಮೇಲಂಚಿನಿಂದ ಚಿಮ್ಮಿ ಹಿಂದಕ್ಕೆ ಹೋಗುತ್ತದೆ. ಶೀಲ್ಡಿನ ಹಿಂಬದಿಯಲ್ಲಿ ಒತ್ತಡ ಕಡಿಮೆಯಾಗುವುದರಿಂದ ಚಿಮ್ಮಿದ ಗಾಳಿ ಸುಳಿಯಾಗಿ ಕೆಳಕ್ಕೆ ಬಾಗುತ್ತದೆ. ಆ ಸುಳಿ ಹೆಲ್ಮೆಟ್ಟಿಗೆ ಬಿಟ್ಟುಬಿಟ್ಟು ಗುದ್ದುವುದನ್ನು ಗ್ಯಾರೇಜಿನವರೂ ಕ್ಯಾಟಲಾಗಿನವರೂ ಬಫೆಟಿಂಗ್ ಎನ್ನುತ್ತಾರೆ. ನಾವು ಗಾಳಿಯ ಬಡಿತ ಎನ್ನೋಣ. ಒಂದೇ ಸಮನೆ ಬೀಸುವ ಗಾಳಿಗಿಂತ ಈ ಬಡಿತ ಹೆಚ್ಚು ದಣಿಸುತ್ತದೆ. ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಬರುತ್ತದೆ ಮತ್ತು ಕತ್ತು ನೋಯುತ್ತದೆ. ಸವಾರನ ಹೆಲ್ಮೆಟ್ಟಿನ ಮೇಲಿಂದ ಸರಿಯಾಗಿ ಹಾದುಹೋದ ಗಾಳಿಯೇ ಹಿಂದಿನವರ ಹೆಲ್ಮೆಟ್ಟಿನ ಮುಂಭಾಗಕ್ಕೆ ಬಂದು ಬೀಳುವುದರಿಂದ, ಮುಂದಿನವರು ಹಾಯಾಗಿದೆ ಎನ್ನುವಾಗಲೇ ಹಿಂದಿನವರು ತಲೆ ತಗ್ಗಿಸಿ ಕೂತಿರುತ್ತಾರೆ.

ಹಂತ 1: ಇಬ್ಬರೂ ಕುಳಿತು ಅಳೆಯಿರಿ

ಬೇಕಾದದ್ದು ಅಳತೆ ಟೇಪು, ದಪ್ಪ ರಟ್ಟಿನ ಹಾಳೆ, ಅಂಟುಟೇಪು, ಇಬ್ಬರ ಹೆಲ್ಮೆಟ್ ಮತ್ತು ಸಹಾಯಕ್ಕೆ ಇನ್ನೊಬ್ಬರು. ಸಮತಟ್ಟಾದ ನೆಲದಲ್ಲಿ, ಸೈಡ್ ಸ್ಟ್ಯಾಂಡ್ ತೆಗೆದು ಬೈಕನ್ನು ನೇರವಾಗಿ ಹಿಡಿದು, ದಿನನಿತ್ಯ ಕೂರುವ ಭಂಗಿಯಲ್ಲೇ ಇಬ್ಬರೂ ಕೂರಬೇಕು. ಹಿಂದೆ ಭಾರ ಬಿದ್ದಾಗ ಹಿಂದಿನ ಶಾಕ್ ಅಬ್ಸಾರ್ಬರ್ ಕುಸಿದು ಬೈಕಿನ ಮೂತಿ ಸ್ವಲ್ಪ ಮೇಲಕ್ಕೇಳುತ್ತದೆ, ಅದರೊಂದಿಗೆ ವಿಂಡ್‌ಶೀಲ್ಡಿನ ಓರೆಯೂ ಬದಲಾಗುತ್ತದೆ. ಒಬ್ಬರೇ ಕುಳಿತು ತೆಗೆದ ಅಳತೆ ತಪ್ಪಾಗುವುದು ಇದೇ ಕಾರಣಕ್ಕೆ. ಹಿಂದಿನ ಸ್ಪ್ರಿಂಗಿನ ಬಿಗಿತ ಹೊಂದಿಸುವ ಸೌಲಭ್ಯ ನಿಮ್ಮ ಬೈಕಿನಲ್ಲಿದ್ದರೆ, ಇಬ್ಬರ ಭಾರಕ್ಕೆ ತಕ್ಕಂತೆ ಅದನ್ನು ಮೊದಲೇ ಹೊಂದಿಸಿಕೊಳ್ಳಿ.

ನೆಲದಿಂದ ಸವಾರನ ಕಣ್ಣಿನವರೆಗೆ, ಮೂಗಿನ ತುದಿಯವರೆಗೆ ಮತ್ತು ಹಿಂದೆ ಕೂತವರ ಹೆಲ್ಮೆಟ್ಟಿನ ನೆತ್ತಿಯವರೆಗೆ ಇರುವ ಎತ್ತರಗಳನ್ನು ಬರೆದುಕೊಳ್ಳಿ. ಇಬ್ಬರ ಹೆಲ್ಮೆಟ್ಟುಗಳ ನಡುವಿನ ಎತ್ತರದ ವ್ಯತ್ಯಾಸ ಹೆಚ್ಚಿದ್ದಷ್ಟೂ ಹಿಂದಿನವರಿಗೆ ಬಡಿತದ ಸಂಭವ ಹೆಚ್ಚು. ಕುಳ್ಳಗಿನ ಸವಾರ, ಎತ್ತರದ ಹಿಂಬದಿ ಸವಾರ ಇರುವ ಜೋಡಿ ಈ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು.

ನಮ್ಮ ಕಡೆ ಸೀರೆಯುಟ್ಟವರು ಎರಡೂ ಕಾಲನ್ನು ಎಡಕ್ಕೆ ಇಳಿಬಿಟ್ಟು ಅಡ್ಡ ಕೂರುವುದು ರೂಢಿ. ಹಾಗೆ ಕೂತವರ ಮೊಣಕಾಲು ಸವಾರನ ಮೈಯ ಮರೆಯಿಂದ ಹೊರಗೆ ಚಾಚಿಕೊಂಡು, ಅಲ್ಲಿಗೇ ಗಾಳಿ, ಮಳೆ, ಎದುರಿನ ಲಾರಿಯ ಕೆಸರು ಎಲ್ಲವೂ ಹೊಡೆಯುತ್ತವೆ. ಅವರು ಸಹಜವಾಗಿ ಕೂತಾಗ ಎಡಮೊಣಕಾಲು ಬೈಕಿನ ನಡುರೇಖೆಯಿಂದ ಎಷ್ಟು ಹೊರಗಿದೆ ಎಂಬುದನ್ನೂ ಅಳೆಯಿರಿ. ಅಷ್ಟು ಅಗಲದ ಶೀಲ್ಡ್ ಹಾಕುವುದು ಸಾಧ್ಯವಿಲ್ಲ ಮತ್ತು ಹಾಕಲೂಬಾರದು. ಮೊಣಕಾಲಿಗೆ ಉದ್ದನೆಯ ರೇನ್‌ಕೋಟಿನ ಅಗತ್ಯ ಎಷ್ಟಿದೆ ಎಂಬುದನ್ನು ಈ ಅಳತೆ ತೋರಿಸುತ್ತದೆ.

ಹಂತ 2: ಎತ್ತರ ಮತ್ತು ಅಗಲವನ್ನು ನಿರ್ಧರಿಸಿ

ಸವಾರನ ದೃಷ್ಟಿ ಶೀಲ್ಡಿನ ಮೇಲಂಚಿನ ಮೇಲಿಂದ ಹೋಗಬೇಕು, ಶೀಲ್ಡಿನ ಮೂಲಕ ಹೋಗಬಾರದು. ಬೇರೆಲ್ಲಾದರೂ ಇದರಲ್ಲಿ ರಾಜಿ ಮಾಡಿಕೊಳ್ಳಬಹುದೇನೋ, ಮಲೆನಾಡಿನಲ್ಲಿ ಕೂಡದು. ಬೈಕಿನ ಶೀಲ್ಡಿಗೆ ವೈಪರ್ ಇರುವುದಿಲ್ಲ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಿನಲ್ಲಿ ಹೆಲ್ಮೆಟ್ಟಿನ ಗಾಜಿನ ಮೇಲೊಂದು ಪದರ ನೀರು, ಅದರ ಮುಂದೆ ಶೀಲ್ಡಿನ ಮೇಲೆ ಮತ್ತೊಂದು ಪದರ ನೀರು ಎಂದಾದರೆ, ರಾತ್ರಿ ಎದುರಿನ ವಾಹನದ ದೀಪ ನೂರು ಚುಕ್ಕೆಗಳಾಗಿ ಒಡೆದು ರಸ್ತೆಯ ಅಂಚೇ ಕಾಣದಾಗುತ್ತದೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಮಂಜು ಕವಿದಾಗ ಅಂಥ ಶೀಲ್ಡ್ ಅಪಾಯವನ್ನೇ ತರುತ್ತದೆ.

ಹಾಗಾಗಿ ಮೇಲಂಚು ಸವಾರನ ಮೂಗು ಮತ್ತು ಗಲ್ಲದ ನಡುವಿನ ಮಟ್ಟದಲ್ಲಿರಲಿ. ರಟ್ಟನ್ನು ಆ ಎತ್ತರಕ್ಕೆ ಕತ್ತರಿಸಿ, ಹ್ಯಾಂಡಲಿನ ಮುಂದೆ ಅಂಟಿಸಿ, ಇಬ್ಬರೂ ಕುಳಿತು ನೋಡಿ. ಹತ್ತು ಮೀಟರ್ ಮುಂದಿನ ರಸ್ತೆ ರಟ್ಟಿನ ಮೇಲಿಂದ ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ಎರಡೆರಡು ಸೆಂಟಿಮೀಟರ್ ಕತ್ತರಿಸುತ್ತಾ ಬನ್ನಿ. ಇದನ್ನು ನಿಂತಲ್ಲೇ ಮಾಡಬೇಕು, ರಟ್ಟು ಕಟ್ಟಿಕೊಂಡು ಓಡಿಸಬಾರದು. ಕೊನೆಗೆ ಉಳಿದ ರಟ್ಟನ್ನೇ ಅಂಗಡಿಗೆ ಕೊಂಡೊಯ್ಯಿರಿ.

ಇಷ್ಟು ಎತ್ತರ ಹಿಂದಿನವರಿಗೆ ಸಾಕೇ ಎಂದು ಕೇಳುವವರಿದ್ದಾರೆ. ಮೇಲಂಚು ಮುಂದಕ್ಕೆ ತುಸು ಬಾಗಿರುವ, ಅಂದರೆ ಅಂಚಿನಲ್ಲಿ ತುಟಿಯಂತೆ ಮಡಿಕೆಯಿರುವ ಶೀಲ್ಡ್ ಗಾಳಿಯನ್ನು ತನ್ನ ಎತ್ತರಕ್ಕಿಂತ ಮೇಲಕ್ಕೆ ಎಸೆಯುತ್ತದೆ. ಮೇಲಂಚಿಗೆ ಕಚ್ಚಿಸುವ ಚಿಕ್ಕ ಹೊಂದಾಣಿಕೆ ತುಂಡು, ಅಂಗಡಿಯವರು ಡಿಫ್ಲೆಕ್ಟರ್ ಎನ್ನುವುದು, ಇದೇ ಕೆಲಸವನ್ನು ಮಾಡುತ್ತದೆ. ಅದರ ಕೋನವನ್ನು ಬದಲಿಸಬಹುದಾದ್ದರಿಂದ ಒಮ್ಮೆ ತಾಯಿಯನ್ನೂ ಇನ್ನೊಮ್ಮೆ ಮಗನನ್ನೂ ಕೂರಿಸಿಕೊಂಡು ಹೋಗುವವರಿಗೆ ಎತ್ತರದ ಶೀಲ್ಡಿಗಿಂತ ಇದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಶೀಲ್ಡಿನ ಬುಡದಲ್ಲಿ ಗಾಳಿ ಒಳಬರಲು ಸೀಳು ಅಥವಾ ತೆರಪು ಇದೆಯೇ ಎಂಬುದನ್ನು ತಪ್ಪದೆ ನೋಡಿ. ಅಲ್ಲಿಂದ ನುಗ್ಗುವ ಸ್ವಲ್ಪ ಗಾಳಿ ಹಿಂಬದಿಯ ಒತ್ತಡದ ಕೊರತೆಯನ್ನು ತುಂಬಿ ಸುಳಿಯನ್ನು ಸಡಿಲಿಸುತ್ತದೆ. ಎಲ್ಲಿಯೂ ತೆರಪಿಲ್ಲದೆ ಹೆಡ್‌ಲೈಟಿಗೆ ಅಂಟಿಕೊಂಡಂತಿರುವ ದೊಡ್ಡ ಶೀಲ್ಡ್ ನೋಡಲು ಭದ್ರವೆನಿಸಿದರೂ ಹಿಂದಿನವರಿಗೆ ಬಡಿತವನ್ನು ಹೆಚ್ಚಿಸುತ್ತದೆ.

ಅಗಲ ಸವಾರನ ಎರಡು ಹೆಗಲುಗಳ ನಡುವಿನ ಅಗಲಕ್ಕಿಂತ ಹೆಚ್ಚಿರಬಾರದು. ಅಡ್ಡಗಾಳಿ ಬೀಸಿದಾಗ ಅಗಲದ ಶೀಲ್ಡ್ ಹಾಯಿಯಂತೆ ವರ್ತಿಸಿ ಹ್ಯಾಂಡಲನ್ನು ಎಳೆಯುತ್ತದೆ. 2025ರ ಜುಲೈಯಲ್ಲಿ ತೆರೆದ, ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಶರಾವತಿ ಹಿನ್ನೀರಿನ ಮೇಲೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದಕ್ಕೆ ಹಾದುಹೋಗುವ ಸೇತುವೆಯಂಥ ಬಯಲು ಜಾಗದಲ್ಲಿ ಗಾಳಿಗೆ ಮರದ ತಡೆಯೂ ಇಲ್ಲ, ಗುಡ್ಡದ ತಡೆಯೂ ಇಲ್ಲ. ಹಿಂದೆ ಒಬ್ಬರು ಅಡ್ಡ ಕೂತಿರುವಾಗ ಹ್ಯಾಂಡಲ್ ಎಳೆದರೆ ಸಾವರಿಸಿಕೊಳ್ಳುವುದು ಕಷ್ಟ.

ಹಂತ 3: ಯಾವ ಹಾಳೆ, ಎಷ್ಟು ದಪ್ಪ

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಸಿಗುವುದು ಎರಡು ಬಗೆಯ ಪ್ಲಾಸ್ಟಿಕ್. ಅಕ್ರಿಲಿಕ್ ಹಾಳೆಯ ಮೇಲ್ಮೈ ಹೆಚ್ಚು ಗಟ್ಟಿಯಾಗಿರುವುದರಿಂದ ಬೇಗ ಗೀರು ಬೀಳುವುದಿಲ್ಲ, ಬಿಸಿಲಿಗೆ ಹಳದಿಯಾಗುವುದೂ ಕಡಿಮೆ. ಆದರೆ ಅದು ಪೆಡಸು. ಮುಂದಿನ ಟಿಪ್ಪರಿನ ಚಕ್ರದಿಂದ ಸಿಡಿದ ಜಲ್ಲಿ ಕಲ್ಲು ಬಡಿದರೆ ಚೂಪಾದ ಚೂರುಗಳಾಗಿ ಒಡೆಯುತ್ತದೆ. ಪಾಲಿಕಾರ್ಬೊನೇಟ್ ಹಾಳೆ ಅದೇ ಪೆಟ್ಟಿಗೆ ಬಾಗಿ, ತಡೆದು, ಹೆಚ್ಚೆಂದರೆ ತಗ್ಗು ಬೀಳಿಸಿಕೊಂಡು ಉಳಿಯುತ್ತದೆ. ಅದರ ದೌರ್ಬಲ್ಯ ಎರಡು: ಮೇಲ್ಮೈ ಮೆತ್ತಗಿರುವುದರಿಂದ ಗೀರು ಬೇಗ ಬೀಳುತ್ತದೆ, ಅತಿನೇರಳೆ ಕಿರಣಕ್ಕೆ ರಕ್ಷಣೆಯಿಲ್ಲದಿದ್ದರೆ ಹಳದಿಯಾಗುತ್ತದೆ. ಆದ್ದರಿಂದ ಗೀರು ತಡೆಯುವ ಗಟ್ಟಿ ಲೇಪನ ಮತ್ತು ಅತಿನೇರಳೆ ಕಿರಣ ತಡೆಯುವ ಲೇಪನ ಎರಡೂ ಇರುವ ಪಾಲಿಕಾರ್ಬೊನೇಟನ್ನೇ ಕೇಳಿ. ಇಬ್ಬರು ಕೂರುವ ಬೈಕಿಗೆ, ಮುಖದ ಹತ್ತಿರ ಇರುವ ವಸ್ತುವಿಗೆ, ಚೂರಾಗದ ಗುಣವೇ ಮುಖ್ಯವಾಗಬೇಕು.

ದಪ್ಪ 3 ಮಿ.ಮೀ.ಗಿಂತ ಕಡಿಮೆ ಬೇಡ. ಕಡಿಮೆ ಬೆಲೆಗೆ ಸಿಗುವ 2 ಮಿ.ಮೀ. ಹಾಳೆ 60 ಕಿ.ಮೀ. ವೇಗ ದಾಟುತ್ತಿದ್ದಂತೆ ಅದುರಲಾರಂಭಿಸುತ್ತದೆ, ಆ ಅದುರುವಿಕೆಯಿಂದ ರಂಧ್ರಗಳ ಸುತ್ತ ಬಿರುಕು ಹುಟ್ಟುತ್ತದೆ. ಹಾಗೆಂದು ತೀರಾ ದಪ್ಪವೂ ಸಲ್ಲದು. 50 ಸೆಂ.ಮೀ. ಎತ್ತರ, 45 ಸೆಂ.ಮೀ. ಅಗಲದ ಹಾಳೆ 3 ಮಿ.ಮೀ. ದಪ್ಪವಿದ್ದರೆ ಸುಮಾರು 800 ಗ್ರಾಂ, 4 ಮಿ.ಮೀ. ಇದ್ದರೆ ಸುಮಾರು 1,080 ಗ್ರಾಂ ತೂಗುತ್ತದೆ. ಹ್ಯಾಂಡಲಿಗೆ ಕಟ್ಟುವ ಶೀಲ್ಡಿನಲ್ಲಿ ಈ ವ್ಯತ್ಯಾಸ ತಿರುವುಗಳಲ್ಲಿ ಕೈಗೆ ತಿಳಿಯುತ್ತದೆ.

ಬಣ್ಣದ ವಿಷಯ ಚಿಕ್ಕದು. ಕಾಡಿನ ನೆರಳು, ಮಂಜು, ಮಧ್ಯಾಹ್ನವೇ ಕತ್ತಲು ಕವಿಯುವ ಆಷಾಢದ ದಿನಗಳಿರುವ ನಮ್ಮ ಕಡೆ ಪೂರ್ತಿ ಪಾರದರ್ಶಕವಾದದ್ದೇ ಸರಿ. ಹೊಗೆಬಣ್ಣದ ಶೀಲ್ಡ್ ಬೇಡ.

ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ದೂರದ ವಿದ್ಯುತ್ ಕಂಬವನ್ನು ಅದರ ಮೂಲಕ ನೋಡಿ. ಹಾಳೆಯನ್ನು ಮೇಲೆ ಕೆಳಗೆ ಆಡಿಸಿದಾಗ ಕಂಬ ಅಲೆಯಂತೆ ಬಳುಕಿದರೆ ಅಚ್ಚಿನ ಗುಣಮಟ್ಟ ಕಳಪೆ ಎಂದರ್ಥ. ನಾವು ಮೇಲಿಂದಲೇ ನೋಡುವುದಾದರೂ, ಗುಂಡಿಯಲ್ಲಿ ಬೈಕ್ ಕುಪ್ಪಳಿಸಿದಾಗ ದೃಷ್ಟಿ ಒಂದು ಕ್ಷಣ ಹಾಳೆಯ ಮೂಲಕ ಹೋಗಿಯೇ ಹೋಗುತ್ತದೆ.

ಹಂತ 4: ಜೋಡಿಸುವ ಸಾಮಗ್ರಿ

ಹಾಳೆ ಚೆನ್ನಾಗಿದ್ದೂ ಶೀಲ್ಡ್ ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ಕೆಲವು ವರ್ಷಗಳ ಹಿಂದೆ ನಾನು ಕೊಂಡ ಶೀಲ್ಡ್ ಒಂದೇ ಮಳೆಗಾಲದಲ್ಲಿ ನಾಲ್ಕೂ ಬೋಲ್ಟಿನ ಸುತ್ತ ಜೇಡರ ಬಲೆಯಂತೆ ಬಿರುಕು ಬಿಟ್ಟಿತು. ರಂಧ್ರಗಳಲ್ಲಿ ರಬ್ಬರ್ ಇರಲಿಲ್ಲ, ಕಬ್ಬಿಣದ ಬೋಲ್ಟನ್ನು ನೇರವಾಗಿ ಹಾಳೆಗೆ ಒತ್ತಿ ಬಿಗಿಯಲಾಗಿತ್ತು.

ಪಾಲಿಕಾರ್ಬೊನೇಟ್ ಬಿಸಿಯಾದಾಗ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಹಿಗ್ಗುತ್ತದೆ. ಅರ್ಧ ಮೀಟರ್ ಉದ್ದದ ಹಾಳೆಯ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಬಿಸಿಲಲ್ಲಿ ನಿಂತ ಬೈಕಿನ ಮೇಲೆ ದಿಢೀರನೆ ಮಳೆ ಸುರಿದಾಗ ಅಷ್ಟೇ ಬೇಗ ಕುಗ್ಗುತ್ತದೆ. ಹಿಗ್ಗಿ ಕುಗ್ಗಲು ಜಾಗವಿಲ್ಲದಿದ್ದರೆ ರಂಧ್ರದ ಅಂಚೇ ಸೀಳುತ್ತದೆ. ಆದ್ದರಿಂದ ರಂಧ್ರ ಬೋಲ್ಟಿಗಿಂತ ದೊಡ್ಡದಿರಬೇಕು ಮತ್ತು ಒಳಗೆ ಗ್ರಾಮೆಟ್ ಇರಬೇಕು. ಗ್ರಾಮೆಟ್ ಎಂದರೆ ರಂಧ್ರದೊಳಗೆ ಕೂರುವ, ನಡುವೆ ತೂತಿರುವ ರಬ್ಬರ್ ಬಿಲ್ಲೆ. ಅದರ ಮೇಲೆ ನೈಲಾನ್ ವಾಷರ್, ಅನಂತರ ಬೋಲ್ಟು.

ಬೋಲ್ಟು, ನಟ್ಟು, ಕ್ಲಾಂಪುಗಳೆಲ್ಲ ಸ್ಟೇನ್‌ಲೆಸ್ ಸ್ಟೀಲಿನವೇ ಇರಲಿ. ಬರೀ ಹೊಳಪಿನ ಲೇಪನವಿರುವ ಕಬ್ಬಿಣ ನಮ್ಮ ತೇವಕ್ಕೆ ಒಂದು ಮಳೆಗಾಲವೂ ತಡೆಯದು. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣದ ಸಾಮಾನನ್ನು ಬೈಕಿನಲ್ಲೇ ಸಾಗಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಮೈಲುತುತ್ತ ಬೆರೆತ ನೀರು ಕಬ್ಬಿಣವನ್ನು ಬಹಳ ಬೇಗ ತಿನ್ನುತ್ತದೆ.

ಹ್ಯಾಂಡಲಿನ ದಪ್ಪವನ್ನು ಅಳೆದೇ ಕ್ಲಾಂಪ್ ಕೊಳ್ಳಿ. ಸಾಮಾನ್ಯ ಬೈಕುಗಳಲ್ಲಿ ಅದು ಹೆಚ್ಚಾಗಿ 22 ಮಿ.ಮೀ. ಇರುತ್ತದೆ, ಕೆಲವು ದೊಡ್ಡ ಬೈಕುಗಳಲ್ಲಿ ನಡುಭಾಗ ಇನ್ನೂ ದಪ್ಪ. ದೊಡ್ಡ ಕ್ಲಾಂಪಿಗೆ ಹಳೆಯ ಟ್ಯೂಬಿನ ತುಂಡು ಸುತ್ತಿ ಬಿಗಿಯುವುದು ಗ್ಯಾರೇಜುಗಳಲ್ಲಿ ಕಾಣುವ ಪದ್ಧತಿ. ನೀರು ಇಳಿದಾಗ ಅದು ಜಾರುತ್ತದೆ, ಜಾರಿದ ಶೀಲ್ಡ್ ಸವಾರನ ಕಡೆಗೇ ವಾಲುತ್ತದೆ.

ಹ್ಯಾಂಡಲಿಗೆ ಕಟ್ಟುವುದಕ್ಕಿಂತ ಹೆಡ್‌ಲೈಟಿನ ಬ್ರಾಕೆಟ್ಟಿಗೋ ಬೈಕಿನ ಚೌಕಟ್ಟಿಗೋ ಕೂರುವ ಶೀಲ್ಡ್ ನಿಮ್ಮ ಮಾದರಿಗೆ ಸಿಗುವುದಾದರೆ ಅದನ್ನೇ ಆರಿಸಿ. ಚೌಕಟ್ಟಿಗೆ ಕೂತ ಶೀಲ್ಡ್ ಹ್ಯಾಂಡಲಿನೊಂದಿಗೆ ತಿರುಗುವುದಿಲ್ಲವಾದ್ದರಿಂದ ಅಡ್ಡಗಾಳಿ ಕೈಯನ್ನು ಎಳೆಯುವುದು ಕಡಿಮೆ.

ಹಂತ 5: ಕೂರಿಸುವಾಗ

ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಲ್ಲೇ ಕೂರಿಸಿ, ಹಾಳೆ ಯಾವ ಮೂಲೆಯಲ್ಲೂ ಎಳೆದಂತಿಲ್ಲ ಎಂದು ನೋಡಿಕೊಂಡು, ಬಳಿಕ ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ರಬ್ಬರ್ ತುಸು ಅದುಮಿದೊಡನೆ ನಿಲ್ಲಿಸಬೇಕು. ಬೋಲ್ಟು ಸಡಿಲವಾಗದಿರಲೆಂದು ಮೆಕ್ಯಾನಿಕ್ ಎಳೆಗೆ ಅಂಟು ದ್ರವ ಹಾಕಲು ಬಂದರೆ ದಯವಿಟ್ಟು ತಡೆಯಿರಿ. ಆ ದ್ರವ ಪಾಲಿಕಾರ್ಬೊನೇಟಿಗೆ ತಾಗಿದಲ್ಲಿ ಬಿರುಕು ಹುಟ್ಟಿಸುತ್ತದೆ. ಬದಲಿಗೆ ಒಳಗೆ ನೈಲಾನ್ ಬಳೆಯಿರುವ ನಟ್ಟನ್ನು ಬಳಸಿದರೆ ಅದು ತಾನಾಗಿಯೇ ಬಿಗಿ ಹಿಡಿಯುತ್ತದೆ. ಬ್ರೇಕ್ ಆಯಿಲ್ ಕೂಡ ಈ ಹಾಳೆಗೆ ವಿಷವೇ ಆದ್ದರಿಂದ ಬ್ರೇಕಿನ ಕೆಲಸವಿದ್ದರೆ ಅದನ್ನು ಮುಗಿಸಿಯೇ ಶೀಲ್ಡ್ ಕೂರಿಸಿ.

ನಂತರ ಹ್ಯಾಂಡಲನ್ನು ಎಡದ ತುದಿಯಿಂದ ಬಲದ ತುದಿಯವರೆಗೆ ತಿರುಗಿಸಿ ನೋಡಬೇಕು. ಶೀಲ್ಡಾಗಲಿ ಬ್ರಾಕೆಟ್ಟಾಗಲಿ ಪೆಟ್ರೋಲ್ ಟ್ಯಾಂಕಿಗೆ ತಾಗಬಾರದು, ಕ್ಲಚ್ ಕೇಬಲ್ ಮತ್ತು ಮುಂದಿನ ಬ್ರೇಕಿನ ಹೋಸ್ ಎಳೆದಂತಾಗಬಾರದು. ಹೆಡ್‌ಲೈಟ್, ಇಂಡಿಕೇಟರ್, ನಂಬರ್ ಪ್ಲೇಟ್ ಯಾವುದೂ ಮರೆಯಾಗಬಾರದು.

ಚಿಕ್ಕ ಮಗುವನ್ನು ಟ್ಯಾಂಕಿನ ಮೇಲೆ ಮುಂದೆ ಕೂರಿಸಿಕೊಂಡು ಹೋಗುವ ಅಭ್ಯಾಸ ನಮ್ಮ ಊರುಗಳಲ್ಲಿ ಇನ್ನೂ ಇದೆ. ಶೀಲ್ಡ್ ಹಾಕಿಸಿದರೆ ಮಗುವಿಗೆ ಗಾಳಿ ತಾಗದು ಎಂದು ಅದಕ್ಕಾಗಿಯೇ ಹಾಕಿಸುವವರೂ ಇದ್ದಾರೆ. ಒಮ್ಮೆ ಜೋರಾಗಿ ಬ್ರೇಕ್ ಹಿಡಿದರೆ ಹಾಳೆಗೋ ಅದರ ಬ್ರಾಕೆಟ್ಟಿಗೋ ಅಪ್ಪಳಿಸುವುದು ಮಗುವಿನ ಮುಖವೇ ಎಂಬುದನ್ನು ದಯವಿಟ್ಟು ಯೋಚಿಸಿ, ಆ ಅಭ್ಯಾಸವನ್ನು ಬಿಡಿ.

ಹಂತ 6: ಹಿಂದೆ ಕೂತವರೇ ಪರೀಕ್ಷಿಸಲಿ

ಒಣ ರಸ್ತೆಯ ದಿನ, ಬೆಳಿಗ್ಗೆ ವಾಹನ ಕಡಿಮೆ ಇರುವ ಹೊತ್ತಿನಲ್ಲಿ, ಶಿವಮೊಗ್ಗದಿಂದ ಆಯನೂರಿನ ಕಡೆಗಾಗಲಿ ಗಾಜನೂರಿನ ಕಡೆಗಾಗಲಿ ಇಬ್ಬರೂ ಹೆಲ್ಮೆಟ್ ಧರಿಸಿ ಹೋಗಿ. ಸವಾರನ ಎರಡೂ ಹೆಗಲಿಗೆ ಮತ್ತು ಹೆಲ್ಮೆಟ್ಟಿನ ಹಿಂಭಾಗಕ್ಕೆ ಗೇಣುದ್ದದ ಉಣ್ಣೆದಾರವನ್ನು ಟೇಪಿನಿಂದ ಅಂಟಿಸಿರಬೇಕು. 40ರ ವೇಗದಲ್ಲಿ ಸ್ವಲ್ಪ ದೂರ, ಅನಂತರ 60ರ ವೇಗದಲ್ಲಿ ಸ್ವಲ್ಪ ದೂರ ಸಾಗುವಾಗ ದಾರ ಹೇಗೆ ಆಡುತ್ತದೆ ಎಂಬುದನ್ನು ಹಿಂದಿನವರು ನೋಡಿ ಹೇಳಲಿ. ದಾರ ನೇರವಾಗಿ ಹಿಂದಕ್ಕೆ ಹಾರಿದರೆ ಗಾಳಿ ಸರಾಗವಾಗಿದೆ. ಸುತ್ತಿ ಸುತ್ತಿ ಮುಂದಕ್ಕೂ ಮಡಚುತ್ತಿದ್ದರೆ ಅಲ್ಲಿ ಸುಳಿಯಿದೆ. ಸವಾರ ಹ್ಯಾಂಡಲಿನಿಂದ ಕೈ ತೆಗೆದು ಪರೀಕ್ಷಿಸಲು ಹೋಗಬಾರದು.

ಸುಳಿ ಕಂಡರೆ ಹೊಸ ಶೀಲ್ಡ್ ಕೊಳ್ಳುವ ಮೊದಲು ಇರುವುದರ ಓರೆಯನ್ನು ಎರಡು ಬೆರಳಿನಷ್ಟು ಬದಲಿಸಿ ಮತ್ತೆ ನೋಡಿ. ಬುಡದಲ್ಲಿ ಒಂದು ಸೆಂಟಿಮೀಟರಿನಷ್ಟು ತೆರಪು ಬಿಡುವುದು, ಹಿಂದಿನವರು ತುಸು ಮುಂದೆ ಸರಿದು ಕೂರುವುದು, ಇವುಗಳಿಂದಲೇ ಬಡಿತ ಬಹಳಷ್ಟು ಇಳಿಯುವುದುಂಟು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ಒಣದಿನದ ಪರೀಕ್ಷೆ ಮುಗಿದ ಮೇಲೆ ರೇನ್‌ಕೋಟ್ ಹಾಕಿಕೊಂಡು ಇನ್ನೊಮ್ಮೆ ಹೋಗಬೇಕು, ಸವಾರನ ರೇನ್‌ಕೋಟಿನ ಟೋಪಿ ಉಬ್ಬಿ ಹಿಂದಿನವರ ಮುಖಕ್ಕೆ ಬಡಿಯುವುದು ಆಗಲೇ ಗೊತ್ತಾಗುವುದು.

ಬಾಳಿಕೆಗಾಗಿ ಆರೈಕೆ

ಒಣಗಿದ ಕೆಸರನ್ನು, ಸತ್ತ ಹುಳುಗಳನ್ನು ಎಂದೂ ಒಣಬಟ್ಟೆಯಿಂದ ಒರೆಸಬೇಡಿ. ನಮ್ಮ ಕೆಂಪು ಮಣ್ಣಿನಲ್ಲಿರುವ ಮರಳಿನ ಕಣ ಉಪ್ಪುಕಾಗದದಂತೆ ಹಾಳೆಯನ್ನು ಉಜ್ಜುತ್ತದೆ. ನೆನೆಸಿದ ಹತ್ತಿಬಟ್ಟೆಯನ್ನು ಹದಿನೈದು ನಿಮಿಷ ಹಾಳೆಯ ಮೇಲೆ ಹೊದಿಸಿ ಬಿಟ್ಟು, ಸಾಕಷ್ಟು ನೀರು ಹೊಯ್ದು, ಸೌಮ್ಯ ಸಾಬೂನಿನ ನೀರಿನಿಂದ ಬರಿಗೈಯಲ್ಲೇ ಸವರಿ ತೊಳೆದರೆ ಸಾಕು. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್, ಅಮೋನಿಯಾ ಇರುವ ಕಿಟಕಿ ಗಾಜಿನ ದ್ರವ ಯಾವುದೂ ತಾಗಬಾರದು. ತೊಳೆದ ಬಳಿಕ ಒದ್ದೆಯಿರುವಾಗಲೇ ಪ್ಲಾಸ್ಟಿಕ್ ಹೊದಿಕೆ ಹೊದಿಸಿ ನಿಲ್ಲಿಸಿದರೆ ಗ್ರಾಮೆಟ್ಟಿನ ಸುತ್ತ ಪಾಚಿ ಕಟ್ಟುತ್ತದೆ.

ಫೆಬ್ರುವರಿಯಿಂದ ಮೇವರೆಗಿನ ಬಿಸಿಲಿನಲ್ಲಿ ಶೀಲ್ಡಿನ ಒಳಬದಿ ಸೂರ್ಯನಿಗೆ ಮುಖಮಾಡುವಂತೆ ಬೈಕನ್ನು ಬಹಳ ಹೊತ್ತು ನಿಲ್ಲಿಸಬೇಡಿ. ಬಾಗಿದ ಹಾಳೆ ಬಿಸಿಲನ್ನು ಒಂದೆಡೆ ಸೇರಿಸಿ ಮೀಟರಿನ ಪ್ಲಾಸ್ಟಿಕ್ಕನ್ನು ಕರಗಿಸುವುದುಂಟು. ಆ ತಿಂಗಳುಗಳಲ್ಲಿ ಎಂಜಿನ್ನಿನ ಶಾಖವೂ ಇಬ್ಬರ ನಡುವೆ ನಿಲ್ಲುವುದರಿಂದ, ಸುಲಭವಾಗಿ ಕಳಚಿಡಬಹುದಾದ ಶೀಲ್ಡ್ ಇದ್ದವರು ಅದನ್ನು ಕಳಚಿ, ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ, ಅಟ್ಟದ ಮೇಲೆ ನಿಲ್ಲಿಸಿಡುವುದು ಒಳ್ಳೆಯದು.

ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಬೋಲ್ಟುಗಳನ್ನು ಕೈಯಿಂದ ಅಲ್ಲಾಡಿಸಿ ನೋಡಿ. ಕಲ್ಲು ಹಾಸಿನ, ಗುಂಡಿಬಿದ್ದ ಒಳರಸ್ತೆಯಲ್ಲಿ ದಿನವೂ ಓಡಾಡುವವರು ವಾರಕ್ಕೊಮ್ಮೆ ನೋಡಲಿ. ಗ್ರಾಮೆಟ್ ಗಟ್ಟಿಯಾಗಿ, ಬೆರಳಿನಿಂದ ಒತ್ತಿದರೆ ಅದುಮದಂತಾಗಿದ್ದರೆ ಅದನ್ನಷ್ಟೇ ಬದಲಿಸಿದರೆ ಸಾಕು. ರಂಧ್ರದಿಂದ ಹೊರಟ ಬಿರುಕು ಉಗುರಿಗೆ ತಡೆಯುವಷ್ಟಾಗಿದ್ದರೆ ಅಂಟು ಹಾಕಿ ಮುಂದುವರಿಸದೆ ಆ ಹಾಳೆಯನ್ನು ಅಂದೇ ಕಳಚಿಬಿಡಿ. ಶೀಲ್ಡ್ ಇಲ್ಲದೆ ನಾಲ್ಕು ದಿನ ರೇನ್‌ಕೋಟಿನಲ್ಲೇ ಓಡಾಡಬಹುದು.